ಅಮ್ಮಾಜಮ್ಮ ಕೋವಿ ಮಾರಿದ್ದು

ಅಮ್ಮಾಜಮ್ಮನ ಅನುಮಾನ ಊರಿಗೆಲ್ಲ ಗೊತ್ತಿದ್ದದ್ದೇ. ಹಾಲು ತಂದವಳ ಕಣ್ಣೆದುರಿಗೇ ಬೆರಳದ್ದಿ, ಹೆಬ್ಬೆರಳಿನ ಉಗುರ ಮೇಲೆ ಒಂದು ಹನಿ ಇಟ್ಟು, ಅದು ಜಾರುತ್ತದೋ ನಿಲ್ಲುತ್ತದೋ ನೋಡಿದ ಮೇಲೆಯೇ ಚೊಂಬು ಒಳಗೆ ಹೋಗುತ್ತಿತ್ತು. ಮಡಕೆ ಬಡಿದು ನೋಡುವುದು ಎಲ್ಲ ಹೆಂಗಸರೂ ಮಾಡುವ ಕೆಲಸ. ಅಮ್ಮಾಜಮ್ಮ ಅದಕ್ಕೆ ನೀರು ತುಂಬಿಟ್ಟು, ಕುಂಬಾರನನ್ನು ಜಗಲಿಯ ಮೇಲೆ ಕೂರಿಸಿ, ಸಂಜೆಯವರೆಗೂ ಒಸರಲಿಲ್ಲ ಎಂದು ಗೊತ್ತಾದ ಮೇಲೆ ರಾಗಿ ಅಳೆದು ಕೊಡುತ್ತಿದ್ದಳು. "ಆಯಮ್ಮನ ಮನೇಲಿ ಬೀಸೋ ಕಲ್ಲಿಗೂ ಭಯ ಕಣ್ರೇ, ಎಷ್ಟು ಹಿಟ್ಟು ನುಂಗ್ದೆ ಅಂತ ಕೇಳ್ತಾಳೆ" ಎಂದು ಬಾವಿಯ ಹತ್ತಿರ ನಗುತ್ತಿದ್ದರು. ಗಂಡ ಹನುಮಂತರಾಯಪ್ಪ ಇರುವವರೆಗೆ ಅದು ನಗುವ ಮಾತಾಗಿತ್ತು. ಅವನು ಹೋದಮೇಲೆ ಅವಳ ಕೈಗೆ ಉಳಿದ ಊರುಗೋಲು ಅದೊಂದೇ.

ಮಂಚೇನಹಳ್ಳಿಯಿಂದ ಒಂದು ಹರಿದಾರಿ ಒಳಗಿನ ಊರು ಅವರದು. ಐವತ್ತೇಳನೆಯ ಇಸವಿಯಲ್ಲಿ, ಕಡಲೆಕಾಯಿ ಕೀಳುವ ಕಾಲಕ್ಕೆ, ಹನುಮಂತರಾಯಪ್ಪ ವಿಷಮಜ್ವರದಲ್ಲಿ ತೀರಿಕೊಂಡ. ಬಿಟ್ಟುಹೋದದ್ದು ಎರಡು ಹೆಣ್ಣುಮಕ್ಕಳು, ಕಣ್ಣು ಮಂಜಾದ ತಾಯಿ ಓಬಳಮ್ಮ, ಒಂದಿಷ್ಟು ಹೊಲ, ಬಾವಿ ಕೆಳಗಿನ ತುಂಡು ತೋಟ, ಮತ್ತೆ ಒಂದು ಕೋವಿ.

ಅಂಥ ಕೋವಿ ಆ ಸೀಮೆಯಲ್ಲಿ ಇನ್ನೊಬ್ಬರ ಮನೆಯಲ್ಲಿ ಇರಲಿಲ್ಲ. ಕೋಲಾರದ ಚಿನ್ನದ ಗಣಿಯಲ್ಲಿದ್ದ ಒಬ್ಬ ಬಿಳಿ ದೊರೆ ಚಳಿಗಾಲ ಬಂತೆಂದರೆ ಈ ಕಡೆಯ ಗುಡ್ಡಗಳಿಗೆ ಶಿಕಾರಿಗೆ ಬರುತ್ತಿದ್ದ. ಹಂದಿಯ ಹೆಜ್ಜೆ ತೋರಿಸುತ್ತಿದ್ದವನು ಹನುಮಂತರಾಯಪ್ಪ. ಸ್ವಾತಂತ್ರ್ಯ ಬಂದು ದೊರೆ ಗಂಟುಮೂಟೆ ಕಟ್ಟುವಾಗ ಇವನನ್ನು ಕರೆಸಿ, ಲೈಸೆನ್ಸನ್ನೂ ತಾನೇ ಓಡಾಡಿ ಮಾಡಿಸಿ, ಕೋವಿಯನ್ನೂ ಒಂದು ಪೆಟ್ಟಿಗೆ ತುಂಬ ಮದ್ದು, ಗುಂಡು ತುಂಬಿದ ಹಿತ್ತಾಳೆ ತೋಟಾಗಳನ್ನೂ ಕೊಟ್ಟುಹೋಗಿದ್ದ. ಆಮೇಲೆ ಊರ ಕಡಲೆಕಾಯಿ ಹೊಲಕ್ಕೆ ಹಂದಿ ಬಂದರೆ ಜನ ಮೊದಲು ಓಡುತ್ತಿದ್ದದ್ದು ಹನುಮಂತರಾಯಪ್ಪನ ಮನೆಗೆ. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಅಮ್ಮಾಜಮ್ಮ ಕುಡುಗೋಲು, ನೇಗಿಲ ಗುಳಗಳ ಜೊತೆಗೆ ಕೋವಿಯನ್ನೂ ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೆಳ್ಳಿಯ ಹಾಗೆ ಬೆಳಗುತ್ತಿದ್ದಳು. ಗಂಡ ಬೇಡವೆಂದರೂ ಕೇಳುತ್ತಿರಲಿಲ್ಲ. ನಳಿಗೆಯ ಮೇಲೆ ಕೊರೆದಿದ್ದ ಅಕ್ಷರ, ಅಂಕಿಗಳೆಲ್ಲ ಹಾಗೇ ಸವೆದುಹೋದವು.

ಗಂಡನ ತಿಥಿ ಮುಗಿಯುತ್ತಲೇ ದಫೇದಾರ ಬಂದು ಹೇಳಿದ. ಲೈಸೆನ್ಸು ಸತ್ತವನ ಹೆಸರಿನಲ್ಲಿದೆ. ಯುಗಾದಿಯೊಳಗೆ ಲೈಸೆನ್ಸಿರುವ ಯಾರಿಗಾದರೂ ಮಾರಬೇಕು, ಇಲ್ಲವಾದರೆ ಠಾಣೆಯಲ್ಲಿ ತಂದಿಡಬೇಕು. ಠಾಣೆಗೆ ಹೋದ ವಸ್ತು ತುಕ್ಕಿಗೆ ಹೋದಂತೆ, ಅದು ಎಲ್ಲರಿಗೂ ಗೊತ್ತು. ತೋಟಾ ಎಷ್ಟಿವೆ ಎಂದು ಅವನು ಕೇಳಿದ್ದಕ್ಕೆ ಅಮ್ಮಾಜಮ್ಮ, "ಎಲ್ಲಿವೆ ಸ್ವಾಮಿ, ಎಲ್ಲ ಹಂದಿ ಹೊಟ್ಟೆ ಸೇರ್ಕೊಂಡ್ವು" ಅಂದಳು. ಅವನು ನಕ್ಕು ಹೋದ. ತೋಟಾ ಪೆಟ್ಟಿಗೆ ಅಷ್ಟುಹೊತ್ತಿಗಾಗಲೇ ಹಳೇ ಸೀರೆಯ ತುಂಡಿನಲ್ಲಿ ಗಂಟಾಗಿ ಹುರುಳಿ ಗುಡಾಣದ ತಳ ಸೇರಿತ್ತು.

ಅವಳಿಗೆ ಅವಳದೇ ಲೆಕ್ಕ. ನಮ್ಮ ಕಡೆ ದನ ಮಾರಿದರೂ ಹಗ್ಗ ಮಾರುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೇ ಹಿಂದೆ ಹೋದಳೆಂದು. ಕೋವಿ ಹೋಗಲಿ, ತೋಟಾ ಮನೆಯಲ್ಲಿರಲಿ ಎಂದು ಅವಳು ತೀರ್ಮಾನಿಸಿಕೊಂಡಿದ್ದಳು.

ಇದರ ಮಧ್ಯೆ ಮೈದುನ ಮುದ್ದಪ್ಪ. ಅಣ್ಣ ಮಲಗಿದಾಗಿನಿಂದ ಎರಡು ಪಾಲಿನ ಹೊಲವನ್ನೂ ಅವನೇ ಉಳುತ್ತಿದ್ದ. ಬೆಳೆದದ್ದರಲ್ಲಿ ತನಗೆ ತೋಚಿದಷ್ಟು ತಂದು ಸುರಿದು, "ಈ ಸಲ ಇಷ್ಟೇ ಅತ್ತಿಗಮ್ಮ, ಮಳೆ ಕೈಕೊಡ್ತು" ಅನ್ನುತ್ತಿದ್ದ. ಮಳೆ ಅವನ ಪಾಲಿಗೆ ಬಂದು ತನ್ನ ಪಾಲಿಗೆ ಬಾರದೆ ಹೋದದ್ದು ಹೇಗೆ ಎಂದು ಅಮ್ಮಾಜಮ್ಮ ಊರ ಹಿರಿಯ ಆವಲಪ್ಪನವರ ಜಗಲಿಯ ಮುಂದೆ ನಿಂತು ಕೇಳಿದಳು. ನನ್ನ ಪಾಲಿನ ಹೊಲ ನನ್ನ ಕೈಗೆ ಕೊಡಿಸಿ, ಆಳಿಟ್ಟು ನಾನೇ ಮಾಡಿಸುತ್ತೇನೆ ಅಂದಳು.

ಕೂತಿದ್ದವರು ನಕ್ಕರು. ಮುದ್ದಪ್ಪನೂ ನಕ್ಕ. "ದೊಡ್ಡಪ್ಪ, ಹೊಲ ಅಂದ್ರೆ ಹಾಲು ಚೊಂಬಾ? ಈಯಮ್ಮ ಮಂಡೀಗೋಗಿ ಕಾಯಿ ಮಾರ್ತಾರಾ? ಮೊದ್ಲು ಆ ಕೋವಿ ಒಂದು ಮಾರ್ಲಿ ನೋಡಣ. ನಂಗೆ ಕೊಡಿ ಅಂದ್ರೂ ಕೊಡಲ್ಲ."

"ನಿಂಗ್ಯಾಕಪ್ಪ ಕೊಡ್ಲಿ? ಕಾಯಿ ಬದಲು ಮಳೆ ಕಥೆ ಕೊಟ್ಟಂಗೆ, ಕೋವಿಗೂ ಒಂದು ಕಥೆ ಕೊಡ್ತೀಯ."

ಆವಲಪ್ಪ ಎಲೆ ಉಗಿದು ಬಂದು ಕೂತರು. "ಸರಿ. ಕೋವಿ ನೀನೇ ಮಾರಮ್ಮ. ಯಾರ ಕೈಲೂ ಮೋಸ ಹೋಗ್ದೆ ಸರಿಯಾದ ಬೆಲೆಗೆ ಮಾರಿದ್ರೆ, ಈ ಮುಂಗಾರಿಂದ ಹೊಲ ನಿನ್ನದು. ಟೋಪಿ ಹಾಕಿಸ್ಕೊಂಡ್ರೆ ಮುದ್ದಪ್ಪ ಕೊಟ್ಟಿದ್ದು ಇಸ್ಕೊಂಡು ಸುಮ್ನಿರ್ಬೇಕು. ಒಪ್ಗೆ ಏನಪ್ಪ?"

"ನಂಗೇನು ದೊಡ್ಡಪ್ಪ, ಒಪ್ಗೆ" ಅಂದ ಮುದ್ದಪ್ಪ. ಅಷ್ಟು ಬೇಗ ಒಪ್ಪಿಕೊಂಡನಲ್ಲ ಎಂದು ಅಮ್ಮಾಜಮ್ಮನಿಗೆ ಅನುಮಾನ ಅಲ್ಲಿಂದಲೇ ಶುರುವಾಯಿತು.

ಮೊದಲು ಹೋದದ್ದು ಚಿಕ್ಕಬಳ್ಳಾಪುರಕ್ಕೆ. ಅಲ್ಲಿ ಮದಾರ್ ಸಾಬರೆಂಬ ಹಿರಿಯರು ಕೋವಿ ರಿಪೇರಿ, ವ್ಯಾಪಾರ ಎರಡನ್ನೂ ಇಟ್ಟುಕೊಂಡಿದ್ದರು. ದಫೇದಾರನ ಚೀಟಿ ಸೆರಗಿನಲ್ಲಿ ಗಂಟು ಹಾಕಿಕೊಂಡು, ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಕೂತಳು. ಗಂಡಸಿನ ಜೊತೆ ಇರಲೆಂದು ಮುದ್ದಪ್ಪನೂ ಹತ್ತಿದ. ಕಂಡಕ್ಟರು ಕಂಬಳಿ ನೋಡಿ, "ಮಗೂಗೆ ಟಿಕೆಟ್ಟು ತಗೊಂಡ್ರಾ ಅಮ್ಮಾ?" ಅಂದ.

"ಇದು ಅತ್ರೆ ನೀನು ಬಸ್ಸಲ್ಲಿರಲ್ಲ. ಸುಮ್ನೆ ಹೋಗಪ್ಪ."

ಮದಾರ್ ಸಾಬರು ಕೋವಿ ಬಿಚ್ಚಿ, ಹಿಂದಿನಿಂದ ನಳಿಗೆಗೆ ಕಣ್ಣಿಟ್ಟು ಬೆಳಕಿಗೆ ಹಿಡಿದರು. ಒಳಗೆ ಸುತ್ತಿಕೊಂಡು ಹೋಗುವ ಗೀರು ಇನ್ನೂ ಹೊಸದರಂತಿದೆ ಅಂದರು. ಆಮೇಲೆ ಅಕ್ಷರ ಹುಡುಕಿದರು. "ಯಾರಮ್ಮ ಇದನ್ನ ಇಷ್ಟು ಉಜ್ಜಿದ್ದು? ಕೋವೀನಾ ಪಂಚಪಾತ್ರೇನಾ?" ಅವರು ಮೇಣದ ಉಂಡೆಯೊಂದನ್ನು ಮೆತ್ತಗೆ ಮಾಡಿ ನಳಿಗೆಯ ಬಾಯಿಗೆ ಒತ್ತಿ, ಅಚ್ಚು ತೆಗೆದು ಅಳತೆಯ ಇಕ್ಕಳದಲ್ಲಿ ಹಿಡಿದು ನೋಡಿದರು. ಮೇಣ ಮೆತ್ತಿ ಕೋವಿಯನ್ನು ಕೆಡಿಸುತ್ತಿದ್ದಾನೋ ಏನೋ ಎಂದು ಅಮ್ಮಾಜಮ್ಮ ಕುರ್ಚಿಯಿಂದ ಎದ್ದು ಅವರ ಹೆಗಲ ಹಿಂದೆಯೇ ನಿಂತಳು.

"ಜಾತಿ ಕೋವಿ ತಾಯಿ. ಆದ್ರೆ ಅಳತೆ ಬೇರೆ. ನಮ್ಮ ಕಡೆ ಸಿಗೋ ತೋಟಾ ಯಾವ್ದೂ ಇದಕ್ಕೆ ಕೂರಲ್ಲ. ಮದರಾಸಿನ ಅಂಗಡೀಲೂ ಈಗ ಬರಲ್ಲ. ನಿಮ್ಮತ್ರ ತೋಟಾ ಐತಾ?"

"ಇಲ್ಲ."

"ಒಂದೂ ಇಲ್ವಾ?"

"ಇಲ್ಲ ಅಂದ್ನಲ್ಲ."

ಸಾಬರು ಮುದ್ದಪ್ಪನ ಮುಖ ನೋಡಿದರು. ಮುದ್ದಪ್ಪ ಸೂರು ನೋಡಿದ. "ಹಂಗಾದ್ರೆ ಇದು ಗೋಡೆಗೆ ನೇತುಹಾಕೋ ಸಾಮಾನು. ಒಂದು ಕರು ಬೆಲೆ ಕೊಡಬಹುದು, ಮನಸ್ಸು ಮಾಡಿ."

ದೊರೆಯ ಕೋವಿಗೆ ಕರುವಿನ ಬೆಲೆ! ಅಮ್ಮಾಜಮ್ಮ ಕಂಬಳಿ ಸುತ್ತಿಕೊಂಡು ಎದ್ದಳು. ಸಾಬರು ಮುದ್ದಪ್ಪನ ಮುಖ ಯಾಕೆ ನೋಡಿದರು? ಮುದ್ದಪ್ಪ ಸೂರಿನಲ್ಲಿ ಏನು ಹುಡುಕಿದ? ಬರುವಾಗ ಇಬ್ಬರೂ ಬೀದಿಬಾಗಿಲಲ್ಲಿ ಬೀಡಿ ಹಚ್ಚಿಕೊಂಡು ಮಾತಾಡಿದ್ದನ್ನು ಅವಳು ಕಂಡಿದ್ದಳು. ವಾಪಸ್ಸು ಬರುವ ಬಸ್ಸಿನಲ್ಲಿ ಅವಳು ಮೈದುನನ ಪಕ್ಕ ಕೂರಲಿಲ್ಲ.

ಎರಡನೆಯ ಸಲ ಮುದ್ದಪ್ಪನಿಗೆ ಸುಳಿವೇ ಕೊಡದೆ, ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ಬೆಳೆಯುತ್ತಿದ್ದ ತಮ್ಮ ಕೋನಪ್ಪನನ್ನು ಕರೆಸಿಕೊಂಡು ಚಿಂತಾಮಣಿಗೆ ಹೋದಳು. ಅಲ್ಲಿ ಪಲ್ಟನಿನಿಂದ ಬಂದು ನೆಲೆಸಿದ್ದ ಹವಾಲ್ದಾರನೊಬ್ಬ ಕೋವಿಗಳ ಬೆಲೆ ಕಟ್ಟುವುದರಲ್ಲಿ ಹೆಸರಾದವನು. ಅವನು ಕೋವಿಯನ್ನು ಭುಜಕ್ಕಿಟ್ಟು, ಬೆರಳಿಂದ ಕುದುರೆ ಎಳೆದು, ಬಿಟ್ಟು, ತಲೆದೂಗಿದ. "ಮಂಚಿ ತುಪಾಕಿ ಅಮ್ಮಾ, ಚಾಲಾ ಮಂಚಿದಿ" ಎಂದು ತೆಲುಗಿನಲ್ಲಿ ಹೊಗಳಿದ. ಅಮ್ಮಾಜಮ್ಮನ ಮುಖ ಅರಳುವಷ್ಟರಲ್ಲಿ ಅವನ ಬಾಯಿಂದ ಅದೇ ಮಾತು ಬಂತು. "ತೋಟಾ ಐತಾ?"

"ಇಲ್ಲ."

"ಒಂದೂ ಇಲ್ವಾ?"

ಅಮ್ಮಾಜಮ್ಮ ಕೋವಿಯನ್ನು ತನ್ನ ಕಡೆ ಎಳೆದುಕೊಂಡಳು. ಚಿಕ್ಕಬಳ್ಳಾಪುರದವನು ಕೇಳಿದ ಮಾತನ್ನೇ ಚಿಂತಾಮಣಿಯವನೂ ಕೇಳಬೇಕಾದರೆ ನಡುವೆ ಒಂದು ದಾರ ಇರಲೇಬೇಕು. ದಾರದ ತುದಿ ಮುದ್ದಪ್ಪನ ಕೈಯಲ್ಲಿ. ತೋಟಾ ಇದೆ ಅಂದರೆ ಠಾಣೆಗೆ ಹೇಳಿ ತನ್ನನ್ನು ಒಳಗೆ ಹಾಕಿಸುತ್ತಾರೆ, ಹೊಲ ನುಂಗುತ್ತಾರೆ. ಅವಳು ಹವಾಲ್ದಾರ ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಎದ್ದಳು.

"ಅಕ್ಕಯ್ಯ, ಮಜ್ಜಿಗೇಲೇನೈತೆ?" ಅಂದ ಕೋನಪ್ಪ ದಾರಿಯಲ್ಲಿ.

"ಏನೈತೋ ನೀನೇ ಹೇಳು, ಕುಡಿದವನು ನೀನಲ್ವಾ."

"ನಂಗೇನೂ ಆಗ್ಲಿಲ್ವಲ್ಲ."

"ಇನ್ನೂ ಊರು ತಲುಪಿಲ್ಲ ಕಣೋ."

ಮನೆಗೆ ಬಂದವಳೇ ಹುರುಳಿ ಗುಡಾಣಕ್ಕೆ ಕೈ ಹಾಕಿದಳು. ಗಂಟು ಇತ್ತು, ಆದರೆ ಅವಳು ಹಾಕಿದ ಗಂಟಲ್ಲ. ಅವಳು ಎಡಚಿ, ಅವಳ ಗಂಟು ಎಡಕ್ಕೆ ತಿರುಗುತ್ತದೆ; ಇದು ಬಲಕ್ಕೆ ತಿರುಗಿತ್ತು. ಬಿಚ್ಚಿದರೆ ಪೆಟ್ಟಿಗೆಯಲ್ಲಿ ತೋಟಾಗಳು ಸಾಲಾಗಿ ಹಾಗೇ ಇದ್ದವು. ಅವುಗಳ ಸಂದಿಗೆಲ್ಲ ಯಾರೋ ಒಣಗಿದ ಬೇವಿನೆಲೆ ಸಿಕ್ಕಿಸಿದ್ದರು.

"ಮುದ್ದಪ್ಪ ಮಾಟ ಮಾಡ್ಸವ್ನೆ!" ಎಂದು ಅವಳು ಕೂಗಿದ ಕೂಗಿಗೆ ಹಿತ್ತಲಿಂದ ಅತ್ತೆ ಓಬಳಮ್ಮ ಗೋಡೆ ಹಿಡಿದುಕೊಂಡು ಬಂದರು.

"ಮಾಟಾನೂ ಇಲ್ಲ ಮಣ್ಣೂ ಇಲ್ಲ, ನಾನೇ ಕಣೇ ಹಾಕಿದ್ದು. ಹುರುಳೀಲಿಟ್ರೆ ಹುಳ ಹತ್ತಲ್ವಾ?"

"ಹಿತ್ತಾಳೆಗೆ ಹುಳ ಹತ್ತುತ್ತಾ ಅತ್ತೆಮ್ಮ?"

"ನಂಗೇನು ಗೊತ್ತು? ಗುಡಾಣದಲ್ಲಿ ಇಟ್ಟೋಳು ನೀನು. ನನ್ನ ಮಗ ಇದನ್ನ ಗೂಡಲ್ಲಿಟ್ಟು ಬೇವಿನೆಲೆ ಹಾಕ್ತಿದ್ದ."

ಅಮ್ಮಾಜಮ್ಮ ಸೊಸೆಯಾಗಿ ಬಂದ ದಿನದಿಂದ ಓಬಳಮ್ಮನನ್ನು ಚಿಕ್ಕಮಗನ ಕಡೆಯವಳೆಂದೇ ಎಣಿಸಿದ್ದಳು. ತೋಟಾ ಇರುವ ಜಾಗ ಮುದುಕಿಗೆ ಗೊತ್ತು ಅಂದಮೇಲೆ ಮುದ್ದಪ್ಪನಿಗೂ ಗೊತ್ತಿರಬೇಕು. ಬಾಯಿಬಿಟ್ಟು ಕೇಳಿಯೇಬಿಟ್ಟಳು.

"ಅವನಿಗೆ ಹೇಳಿದ್ರೆ ಇಷ್ಟೊತ್ತಿಗೆ ಗುಡಾಣಾನೇ ಇರ್ತಿರ್ಲಿಲ್ಲ," ಅಂದರು ಓಬಳಮ್ಮ. "ಹೆತ್ತೋಳು ನಾನು, ನಂಗೊತ್ತಿಲ್ವಾ ಅವನು? ನೀನ್ಯಾಕೆ ಇದನ್ನ ಬಚ್ಚಿಟ್ಟು ಕೋವಿ ಹೊತ್ಕೊಂಡು ಊರೂರು ತಿರುಗ್ತೀಯ?"

"ದನ ಮಾರಿದ್ರೂ ಹಗ್ಗ ಮಾರ್ಬಾರ್ದು ಅಂತ ನೀವೇ ಹೇಳ್ತಿದ್ರಲ್ಲ."

ಮುದುಕಿ ಹೊಸ್ತಿಲ ಮೇಲೆ ಕೂತು ಹಣೆ ಚಚ್ಚಿಕೊಂಡರು. "ಅಯ್ಯೋ ನಮ್ಮಮ್ಮಾ! ದನಕ್ಕಾದ್ರೆ ಕೊಂಡೋನು ಇನ್ನೊಂದು ಹಗ್ಗ ಹೊಸ್ಕೋತಾನೆ. ಇದನ್ನೆಲ್ಲಿ ಹೊಸೀತಾನೆ? ನನ್ನ ಮಗ ಹಂದಿ ಎದುರಿಗೆ ಬಂದ್ರೂ ಒಂದಕ್ಕೆ ಎರಡು ಹೊಡೀತಿರ್ಲಿಲ್ಲ. ಇವು ತೀರಿದ್ರೆ ಈ ಕೋವಿ ಒನಕೆ ಅಂತಿದ್ದ. ನೀನು ಒನಕೆ ಹೊತ್ಕೊಂಡೋಗಿ ಕೋವಿ ಬೆಲೆ ಕೇಳಿದ್ದೀಯ. ಕರು ಅಂದಿದ್ದೇ ಹೆಚ್ಚು!"

ಅಮ್ಮಾಜಮ್ಮ ತೋಟಾಗಳನ್ನು ಒಂದೊಂದಾಗಿ ಎಣಿಸಿ ನೋಡಿದಳು. ಹಾಗಾದರೆ ಸಾಬರು ಕೇಳಿದ್ದೂ ಹವಾಲ್ದಾರ ಕೇಳಿದ್ದೂ ಕೇಳಬೇಕಾದ ಮಾತೇ. ಆದರೂ ಬೀಡಿ ಹಚ್ಚಿದ್ದು ಯಾಕೆ ಎಂಬುದು ಮಾತ್ರ ಅವಳ ಮನಸ್ಸಿನಿಂದ ಪೂರ್ತಿ ಹೋಗಲಿಲ್ಲ.

ಯುಗಾದಿ ಹತ್ತಿರ ಬರುತ್ತಿತ್ತು. ಕೋನಪ್ಪ ಶಿಡ್ಲಘಟ್ಟದಿಂದ ಚನ್ನಕೇಶವ ಎಂಬವರನ್ನು ಕರೆದುಕೊಂಡು ಬಂದ. ರೇಷ್ಮೆ ನೂಲು ತೆಗೆಸುವ ಯಜಮಾನರು, ಗೂಡು ಕೊಳ್ಳುವುದರಲ್ಲಿ ಪಳಗಿದ ಕೈ, ಶಿಕಾರಿಯ ಹುಚ್ಚು, ಲೈಸೆನ್ಸೂ ಇತ್ತು. "ಅವರ ಮುಖ ಗೋಡೆ ಇದ್ದಂಗೆ ಅಕ್ಕಯ್ಯ, ನೋಡಿದ್ರೆ ಏನೂ ತಿಳಿಯಲ್ಲ" ಎಂದು ಕೋನಪ್ಪ ಮೊದಲೇ ಹೇಳಿದ್ದ.

ವ್ಯಾಪಾರ ಆವಲಪ್ಪನವರ ಜಗಲಿಯಲ್ಲೇ ನಡೆಯಬೇಕೆಂದು ಅಮ್ಮಾಜಮ್ಮ ಹಟ ಹಿಡಿದಳು. ಮುದ್ದಪ್ಪನೂ ಬಂದು ಕಂಬಕ್ಕೆ ಒರಗಿದ. ಚನ್ನಕೇಶವ ಕೋವಿಯನ್ನು ತಿರುಗಿಸಿ ನೋಡಿ, ತೋಟಾ ಇಲ್ಲವೆಂದು ಕೇಳಿದ್ದೇನೆ ಅಂದು, ಹೆಗಲ ಮೇಲಿನ ಟವೆಲು ಕೈಗೆ ಹಾಸಿಕೊಂಡರು. ದನವಾಗಲಿ ಗೂಡಾಗಲಿ, ಬೆಲೆ ಹೇಳುವುದು ಬಾಯಲ್ಲಲ್ಲ. ಟವೆಲಿನ ಕೆಳಗೆ ಕೊಳ್ಳುವವನೂ ಮಾರುವವನೂ ಬೆರಳು ಹಿಡಿದು, ಒತ್ತಿ, ಮಡಚಿ ಮಾತಾಡಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಕೋನಪ್ಪ ಅಕ್ಕನ ಪರವಾಗಿ ಕೈ ಮುಂದೆ ಮಾಡಿದ.

"ಕೈ ತೆಗಿಯೋ" ಅಂದಳು ಅಮ್ಮಾಜಮ್ಮ. "ನಿನ್ನ ಬೆರಳು ಅಲ್ಲಿ ಏನು ಹೇಳ್ತದೋ ನಂಗೆ ಹೆಂಗೆ ಗೊತ್ತಾಗ್ಬೇಕು?"

"ನಾನು ನಿನ್ನ ಒಡಹುಟ್ಟಿದೋನು ಕಣೇ ಅಕ್ಕಯ್ಯ!"

"ಹುಟ್ಟಿದ್ದು ನಾವು. ಬೆರಳು ನಿಂದು."

ಗಂಡಸಿನ ಟವೆಲಿನೊಳಗೆ ಹೆಂಗಸು ಕೈ ಹಾಕುವುದು ಆ ಜಗಲಿ ಎಂದೂ ಕಂಡಿರಲಿಲ್ಲ. "ಅಬ್ಬಬ್ಬಾ, ಇದೊಂದು ಬಾಕಿ ಇತ್ತು" ಅಂದ ಮುದ್ದಪ್ಪ. ಚನ್ನಕೇಶವ ಮುಜುಗರದಿಂದ ಆವಲಪ್ಪನವರ ಕಡೆ ತಿರುಗಿದರು. ಅವರು ಗಡ್ಡ ತುರಿಸಿಕೊಂಡು, "ಮಾರೋಳು ಅವಳೇ ತಾನೆ" ಅಂದರು. ಅಮ್ಮಾಜಮ್ಮ ಸೆರಗು ಬಿಗಿಮಾಡಿ, ಎಡಗೈಯನ್ನು ಟವೆಲಿನ ಕೆಳಗೆ ತೂರಿಸಿ, ಬೆರಳು ಕೊಡದೆ, ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದ ಒಂದು ತೋಟಾ ಅವರ ಅಂಗೈಗೆ ಒತ್ತಿದಳು. ಕಣ್ಣು ಮಾತ್ರ ಅವರ ಮುಖದ ಮೇಲೆ ನೆಟ್ಟಿದ್ದಳು.

ಗೋಡೆ ಬಿರುಕು ಬಿಟ್ಟಿತು. ಚನ್ನಕೇಶವರ ಹುಬ್ಬು ಮೇಲೆ ಹೋಗಿ, ಬಾಯಿ ಅರ್ಧ ತೆರೆದು, ಮತ್ತೆ ಮುಚ್ಚಿಕೊಂಡಿತು. ಟವೆಲಿನ ಕೆಳಗೆ ಅವರ ಬೆರಳು ತೋಟಾದ ಮೂತಿಯಿಂದ ಬುಡದವರೆಗೆ ಸವರುತ್ತಿದ್ದುದು ಅವಳಿಗೆ ತಿಳಿಯುತ್ತಿತ್ತು.

"ಇನ್ನೆಷ್ಟಿವೆಯಮ್ಮ?" ಅಂದರು ಮೆಲ್ಲಗೆ.

"ಮೆಲ್ಲಗ್ಯಾಕೆ ಕೇಳ್ತೀರಿ ಸ್ವಾಮಿ? ಎಲ್ರಿಗೂ ಕೇಳೋ ಹಂಗೆ ಕೇಳಿ."

ಓಬಳಮ್ಮ ಪೆಟ್ಟಿಗೆ ತಂದಿಟ್ಟಾಗ ಮುದ್ದಪ್ಪನ ಬೆನ್ನು ಕಂಬದಿಂದ ಬೇರೆಯಾಯಿತು. "ಎಲ್ಲಿತ್ತು ಇದು? ಅಮ್ಮ, ನಿಂಗೂ ಗೊತ್ತಿತ್ತಾ?" ತಾಯಿ ಬೇವಿನೆಲೆ ಕೊಡವುತ್ತಿದ್ದರು.

ಹಳೇ ತೋಟಾ, ಸಿಡಿಯುತ್ತದೋ ಇಲ್ಲವೋ ನೋಡಿಯೇ ಮಾತು ಎಂದರು ಚನ್ನಕೇಶವ. ನ್ಯಾಯವೇ. ಎಲ್ಲರೂ ಕೆರೆ ಏರಿಗೆ ನಡೆದರು. ಯಾವ ತೋಟಾ ಎಂದು ಅವರನ್ನು ಆರಿಸಲು ಬಿಡದೆ ಅಮ್ಮಾಜಮ್ಮ ತಾನೇ ಸಾಲಿನ ಮಧ್ಯದಿಂದ ಒಂದು ತೆಗೆದುಕೊಟ್ಟಳು. ಬತ್ತಿದ ಕೆರೆಯಂಗಳದಲ್ಲಿ ದೂರಕ್ಕೆ ಒಂದು ಒಡಕು ಮಡಕೆ ಇಟ್ಟರು. ಚನ್ನಕೇಶವ ಗುರಿಯಿಟ್ಟು ಕುದುರೆ ಎಳೆದರು; ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗುಡ್ಡವೇ ಸೀಳಿದಂತೆ ಸದ್ದಾಯಿತು, ಮಡಕೆ ಇದ್ದಲ್ಲಿ ದೂಳು ಎದ್ದಿತು. ಏರಿಯ ಮರದ ಕೊಕ್ಕರೆಗಳೆಲ್ಲ ಹಾರಿದವು. ಜನ ಹೋ ಎಂದು ಮಡಕೆಯ ಕಡೆ ನೋಡುತ್ತಿದ್ದಾಗ, ಅಮ್ಮಾಜಮ್ಮ ಒಬ್ಬಳು ಮಾತ್ರ ಚನ್ನಕೇಶವರ ಕೈ ನೋಡುತ್ತಿದ್ದಳು. ಅವರು ಕೋವಿಯ ಹಿಂಬದಿ ತೆರೆದು, ಕೆಳಗೆ ಬಿದ್ದ ಖಾಲಿ ಚಿಪ್ಪನ್ನು ಬಗ್ಗಿ ಎತ್ತಿ, ಊದಿ, ಪಂಚೆಯಲ್ಲಿ ಒರೆಸಿ ಜುಬ್ಬದ ಜೇಬಿಗೆ ಇಳಿಸಿದರು.

"ಸ್ವಾಮಿ, ಆ ಚಿಪ್ಪು ಜೇಬಿಗ್ಯಾಕೆ ಹೋಯ್ತು?"

"ಯಾವ್ದಮ್ಮ? ಓ, ಇದಾ. ಸುಮ್ನೆ."

"ರೇಷ್ಮೆ ಯಜಮಾನ್ರು ಸುಮ್ನೆ ಬಗ್ಗಲ್ಲ."

ಚನ್ನಕೇಶವ ನಕ್ಕುಬಿಟ್ಟರು. ಚಿಪ್ಪಿಗೆ ಮತ್ತೆ ಮದ್ದು ತುಂಬಿಸಿ, ಸೀಸದ ಗುಂಡು ಕೂರಿಸುವವರು ಬೆಂಗಳೂರಿನಲ್ಲಿದ್ದಾರೆ, ಈ ಅಳತೆಯ ಚಿಪ್ಪೇ ಸಿಗುವುದಿಲ್ಲ ನೋಡಿ ಎಂದು ಒಪ್ಪಿಕೊಂಡರು. ಅಮ್ಮಾಜಮ್ಮ ಅಲ್ಲಿಂದಲೇ ದೊಡ್ಡಮಗಳನ್ನು ಮನೆಗೆ ಓಡಿಸಿದಳು. ಹನುಮಂತರಾಯಪ್ಪ ಹೊಡೆದು ಬಿಸಾಕಿದ್ದ ಖಾಲಿ ಚಿಪ್ಪುಗಳನ್ನೆಲ್ಲ ಹುಡುಗಿಯರು ಪೀಪಿ ಊದಲು ಕೂಡಿಟ್ಟುಕೊಂಡಿದ್ದರು. ಒಂದು ಮೊರದ ತುಂಬ ಬಂದವು. ಚಿಕ್ಕವಳು ತನ್ನ ಪೀಪಿ ಕೊಡುವುದಿಲ್ಲವೆಂದು ಅತ್ತಳು. ಅದನ್ನೂ ಕಿತ್ತುಕೊಂಡು ಮೊರಕ್ಕೆ ಹಾಕಿದಳು ಅಮ್ಮಾಜಮ್ಮ.

ಕರುವಿನಿಂದ ಶುರುವಾದ ಬೆಲೆ ಆ ಏರಿಯ ಮೇಲೆ ಒಂದು ಜೊತೆ ಉಳುವ ಎತ್ತಿಗೆ ಬಂದು ನಿಂತಿತು. ಟವೆಲಿಲ್ಲದೆ, ಬಾಯಲ್ಲೇ, ಎಲ್ಲರೂ ಕೇಳುವ ಹಾಗೆ. ಇನ್ನೂ ಏರಿಸಬಹುದಿತ್ತೇನೋ. ನಳಿಗೆಯ ಅಕ್ಷರ ಉಳಿದಿದ್ದರೆ ಇನ್ನಷ್ಟು ಕೊಡುತ್ತಿದ್ದೆ ಎಂದು ಚನ್ನಕೇಶವ ಹೇಳಿದ್ದು ಅವಳಿಗೆ ಎಷ್ಟೋ ದಿನ ಚುಚ್ಚುತ್ತಿತ್ತು. ಅದೂ ಬೆಲೆ ಇಳಿಸುವ ಮಾತೇ ಇರಬೇಕೆಂದು ಸಮಾಧಾನ ಮಾಡಿಕೊಂಡಳು. ತೋಟಾ ಇಲ್ಲವೆಂದು ಹೇಳಿದ್ದಕ್ಕೆ ದಫೇದಾರ ಮುಖ ಊದಿಸಿಕೊಂಡು ಬೈದ, ಆಮೇಲೆ ಕೋವಿ, ತೋಟಾ ಎರಡನ್ನೂ ಚನ್ನಕೇಶವರ ಲೈಸೆನ್ಸಿಗೆ ಬರೆಸಿದ.

"ಮಾತು ಮಾತೇ ಮುದ್ದಪ್ಪ" ಅಂದರು ಆವಲಪ್ಪ.

"ಹೊಲ ತಗೊಳ್ಲಿ ದೊಡ್ಡಪ್ಪ, ನಾನ್ಯಾಕೆ ಬೇಡ ಅನ್ಲಿ. ಎತ್ತು ನನ್ನವಲ್ವಾ, ಯಾವ್ದ್ರಲ್ಲಿ ಉಳ್ತಾರೋ ನೋಡಣ."

ಕೋವಿ ಹೋದ ವಾರದಲ್ಲೇ ಅಮ್ಮಾಜಮ್ಮನ ಕೊಟ್ಟಿಗೆಗೆ ಎರಡು ಎತ್ತು ಬಂದವು. ಅವುಗಳ ಬಾಯಿ ಬಿಡಿಸಿ ಹಲ್ಲು ನೋಡಿ, ಬಾಲ ಎತ್ತಿ ನೋಡಿ, ನೊಗ ಹೂಡಿ ಉಳುಮೆ ಮಾಡಿಸಿ ನೋಡಿ, ಮಾರಿದವನಿಗೆ ಸಾಕುಸಾಕು ಮಾಡಿ ತಂದವು ಅವು. ಮುಂಗಾರಿನ ಮೊದಲ ಮಳೆ ಬಿದ್ದ ಬೆಳಗ್ಗೆ ಆಳು ನೇಗಿಲು ಹೂಡುವ ಹೊತ್ತಿಗೆ ಮುದ್ದಪ್ಪ ತನ್ನ ಎತ್ತು ಹೊಡೆದುಕೊಂಡು ಬದುವಿನ ಹತ್ತಿರ ಬಂದು ನಿಂತ. ಅವನ ಮಾತು ಮೆತ್ತಗಿತ್ತು.

"ಅತ್ತಿಗಮ್ಮ, ನಿಮ್ಮ ಎತ್ತಿಗೆ ಇನ್ನೂ ಈ ನೆಲ ಗೊತ್ತಿಲ್ಲ. ಬದು ಪಕ್ಕದ ನಾಲ್ಕು ಸಾಲು ನಾನೇ ಹೊಡ್ಕೊಡ್ತೀನಿ. ಬೇರೆ ಏನೂ ಅನ್ಕೋಬೇಡಿ."

ಅವನು ನಿಜವಾಗಿಯೂ ಸಹಾಯಕ್ಕೇ ಬಂದಿದ್ದನೋ ಏನೋ. ಓಬಳಮ್ಮ ಕೂಡ ಇರಲಿ ಬಿಡು ಅನ್ನುವ ಹಾಗೆ ಸೊಸೆಯ ಕಡೆ ತಿರುಗಿದರು. ಅಮ್ಮಾಜಮ್ಮ ಸೀರೆ ಎತ್ತಿ ಕಟ್ಟಿಕೊಂಡು ಬದುವಿನ ಮೇಲೆಯೇ ಕೂತಳು.

"ಬೇಡ ಕಣಪ್ಪ. ನೀನು ಉತ್ರೆ ಬದೂಗೆ ಕಾಲು ಬಂದು ನಮ್ಮ ಕಡೆ ನಡೀತದೆ."